ಮಗಳಿಗೆ ನರ್ಸರಿಯೋ ಎಲ್‌ಕೆಜಿಯೋ? ಮೂರು ಶಾಲೆ ನೋಡಿ ಬಂದಿದ್ದೇವೆ, ದಯವಿಟ್ಟು ಅಭಿಪ್ರಾಯ ಹೇಳಿ

ಗಿರಿನಗರದ ಅಮ್ಮ
ನವೆಂಬರ್ 8

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಹುಟ್ಟಿದ್ದು 2022ರ ಜುಲೈ 20. ಬರುವ ಜೂನ್‌ಗೆ ಶಾಲೆಗೆ ಸೇರಿಸಬೇಕು. ದಸರಾ ರಜೆ ಮುಗಿದಾಗಿನಿಂದ ಶನಿವಾರ ಬಂತೆಂದರೆ ಶಾಲೆ ನೋಡುವುದೇ ನಮ್ಮ ಕೆಲಸ. ಈಗ ಮೂರು ಉಳಿದಿವೆ.

ಒಂದು, ಮನೆಯಿಂದ ಏಳೆಂಟು ನಿಮಿಷದ ನಡಿಗೆ. ಹಳೇ ಕಟ್ಟಡ, ರಾಜ್ಯ ಪಠ್ಯಕ್ರಮ, ಹತ್ತನೇ ತರಗತಿವರೆಗೆ ಇದೆ. ವರ್ಷಕ್ಕೆ 46,000. ಮುಂದೆ ಒಂದು ಹೊಂಗೆ ಮರ, ಅದರ ಕೆಳಗೆ ಮರಳಿನ ಗುಂಡಿ. ಬೇರೆ ಆಡಂಬರ ಏನೂ ಇಲ್ಲ.

ಎರಡು, ಕನಕಪುರ ರಸ್ತೆಯ ದೊಡ್ಡ ಶಾಲೆ, ಸಿಬಿಎಸ್‌ಇ. ಮನೆಯಿಂದ 11 ಕಿಲೋಮೀಟರ್. ಫೀಸು 1,65,000, ಅಡ್ಮಿಷನ್‌ಗೆ ಬೇರೆ 60,000, ವ್ಯಾನಿಗೆ 42,000. ಕ್ಲಾಸಿಗೆಲ್ಲ ಎಸಿ, ಈಜುಕೊಳ. ಆಫೀಸಿನ ಮೇಡಂ ಮಗಳ ಹತ್ತಿರ ಬಣ್ಣಗಳ ಹೆಸರು ಕೇಳಿ, 'ತುಂಬ ಚುರುಕಾಗಿದ್ದಾಳೆ, ನರ್ಸರಿ ಬೇಡ, ನೇರ ಎಲ್‌ಕೆಜಿಗೇ ಹಾಕಿ' ಎಂದರು. ಈ ತಿಂಗಳ 20ರೊಳಗೆ ದುಡ್ಡು ಕಟ್ಟಿದರೆ ಸೀಟು ಗ್ಯಾರಂಟಿಯಂತೆ.

ಮೂರು, ಬನಶಂಕರಿ ಎರಡನೇ ಹಂತದ ಒಂದು ಮಾಂಟೆಸ್ಸರಿ. 88,000. ಮಕ್ಕಳು ತಾವಾಗಿ ಕೆಲಸ ಮಾಡುತ್ತಿದ್ದದ್ದು ನೋಡಿ ಖುಷಿಯಾಯಿತು. ಆದರೆ ಅಲ್ಲಿ ಆರು ವರ್ಷದವರೆಗೆ ಮಾತ್ರ. ಆಮೇಲೆ ಒಂದನೇ ತರಗತಿಗೆ ಮತ್ತೆ ಹುಡುಕಬೇಕು.

ನಾನು ಜಯನಗರದಲ್ಲಿ ಬ್ಯಾಂಕಿನಲ್ಲಿದ್ದೇನೆ, ಮನೆಯವರು ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಾರೆ. ಮಧ್ಯಾಹ್ನ ಮಗಳನ್ನು ನೋಡಿಕೊಳ್ಳಲು ಅತ್ತೆ ಇದ್ದಾರೆ. ಆಫೀಸಿನಲ್ಲಿ ಎಲ್ಲರೂ ಹೇಳುವುದು ಒಂದೇ: ಎಲ್‌ಕೆಜಿಗೇ ದೊಡ್ಡ ಶಾಲೆ ಹಿಡಿಯದಿದ್ದರೆ ಆಮೇಲೆ ಸೀಟು ಸಿಗುವುದಿಲ್ಲ. ಇದೇ ಯೋಚನೆಯಲ್ಲಿ ರಾತ್ರಿ ನಿದ್ದೆ ಬರುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕೆಂಗೇರಿ ಅಪ್ಪ

ಅಕ್ಕ, ಮೊದಲು ವಯಸ್ಸಿನ ಲೆಕ್ಕ ಹಾಕಿ. ಉಳಿದದ್ದೆಲ್ಲ ಆಮೇಲೆ.

ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು. ಆದೇಶ ಆದದ್ದು 2022ರಲ್ಲಿ, ಜಾರಿ 2025-26ರಿಂದ. ಹಾಗಾದರೆ ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು ತುಂಬಿರಬೇಕು. ನಿಮ್ಮ ಮಗಳಿಗೆ 2026ರ ಜೂನ್ 1ಕ್ಕೆ ಮೂರು ವರ್ಷ ಹತ್ತು ತಿಂಗಳು. ಈಗಲೇ ಎಲ್‌ಕೆಜಿಗೆ ಹಾಕಿದರೆ 2028ರ ಜೂನ್‌ನಲ್ಲಿ ಒಂದನೇ ತರಗತಿಯ ಹೊತ್ತಿಗೆ ಐದು ವರ್ಷ ಹತ್ತು ತಿಂಗಳು. ಎರಡು ತಿಂಗಳು ಕಡಿಮೆ ಬೀಳುತ್ತದೆ.

ಎರಡು ತಿಂಗಳು ತಾನೇ, ಏನಾಗುತ್ತದೆ ಅಂದುಕೊಳ್ಳಬೇಡಿ. ನನ್ನ ಚಿಕ್ಕ ಮಗ ಹುಟ್ಟಿದ್ದು 2020ರ ಜನವರಿ 20. 2023ರಲ್ಲಿ ಎಲ್‌ಕೆಜಿಗೆ ಸೇರಿಸುವಾಗ ಶಾಲೆಯವರು 'ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಸರ್' ಎಂದರು. ನಂಬಿದೆ. 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೆ ಸಾಕು ಎಂದು ಸಡಿಲಿಕೆ ಕೊಟ್ಟಿತು. ಮಗನಿಗೆ ಇಪ್ಪತ್ತು ದಿನ ಕಡಿಮೆ. ಅದೇ ಶಾಲೆಯವರು ಕೈ ಎತ್ತಿದರು. ಯುಕೆಜಿಗೆ ಮತ್ತೆ ಪೂರ್ತಿ ಫೀಸು ಕಟ್ಟಿದೆ. ದುಡ್ಡು ಹೋದದ್ದು ಹೋಗಲಿ. ಜೊತೆಯಲ್ಲಿದ್ದ ಹುಡುಗರೆಲ್ಲ ಮೇಲಿನ ಮಹಡಿಗೆ ಹೋದರು, ಇವನು ಅದೇ ರೂಮಿನಲ್ಲಿ ಉಳಿದ. 'ಅಪ್ಪಾ, ನಾನು ಫೇಲಾ?' ಎಂದು ಕೇಳಿದ. ಐದು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಬೇಡಿ ಅಕ್ಕ. ನರ್ಸರಿಗೇ ಹಾಕಿ.

ಗಿರಿನಗರದ ಅಮ್ಮ

ಅಯ್ಯೋ, ಓದಿ ಹೊಟ್ಟೆ ಚುರುಕ್ ಅಂತು ಅಣ್ಣ. ಪುಟ್ಟ ಈಗ ಚೆನ್ನಾಗಿದ್ದಾನೆ ತಾನೇ? ಈ ಲೆಕ್ಕವನ್ನು ಮೂರು ಶಾಲೆಯಲ್ಲಿ ಒಬ್ಬರೂ ನಮಗೆ ಹೇಳಲಿಲ್ಲ. ಇವತ್ತೇ ಮನೆಯವರ ಜೊತೆ ಕೂತು ಕ್ಯಾಲೆಂಡರ್ ನೋಡಿದೆ. ನರ್ಸರಿ ಅನ್ನುವುದು ತೀರ್ಮಾನ ಆಯಿತು. ಎಲ್ಲಿ ಅನ್ನುವುದು ಉಳಿದಿದೆ.

ನಿವೃತ್ತ ಟೀಚರ್, ಚಾಮರಾಜಪೇಟೆ

ಅಮ್ಮಾ, ನಾನು 31 ವರ್ಷ ಚಿಕ್ಕ ಮಕ್ಕಳಿಗೇ ಪಾಠ ಮಾಡಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಶಾಲೆಯವರು ಕರೆದ ಹೊತ್ತಿಗೆ ಹೋದರೆ ಅವರು ತೋರಿಸುವುದನ್ನೇ ನೋಡಿ ಬರುತ್ತೀರಿ. ಶಾಲೆ ಬಿಡುವ ಹೊತ್ತಿಗೆ ಹೋಗಿ. ಗೇಟಿನ ಹತ್ತಿರ ಹದಿನೈದು ನಿಮಿಷ ಸುಮ್ನೆ ನಿಂತುಕೊಳ್ಳಿ. ಮಕ್ಕಳು ಹೇಗೆ ಹೊರಗೆ ಬರುತ್ತಾರೆ? ಮೇಡಂ ಕೈ ಹಿಡಿದುಕೊಂಡು ಏನೋ ಹೇಳುತ್ತಾ ಬರುತ್ತಾರಾ, ಇಲ್ಲ ಸಾಲಿನಲ್ಲಿ ಬಾಯಿ ಮೇಲೆ ಬೆರಳಿಟ್ಟುಕೊಂಡು ಬರುತ್ತಾರಾ? ಕರೆದುಕೊಂಡು ಹೋಗಲು ಬಂದವರು ಯಾರು ಎಂದು ಕೇಳದೆ ಮಗುವನ್ನು ಕಳಿಸಿಬಿಡುತ್ತಾರಾ? ಕೊನೆಗೆ ಉಳಿದ ಮಗುವಿನ ಪಕ್ಕದಲ್ಲಿ ಯಾರು ನಿಂತಿದ್ದಾರೆ? ಆಫೀಸಿನಲ್ಲಿ ಒಂದು ಗಂಟೆ ಕೂತರೂ ಇದು ಗೊತ್ತಾಗುವುದಿಲ್ಲ.

ಆಮೇಲೆ ಬಚ್ಚಲು ಮನೆ ನೋಡಬೇಕು ಎಂದು ಕೇಳಿ. ನಾಚಿಕೆ ಬೇಡ. ಕೈ ತೊಳೆಯುವ ನಲ್ಲಿ ಮೂರು ವರ್ಷದ ಮಗುವಿಗೆ ಎಟುಕುತ್ತದಾ? ನೆಲ ಒಣಗಿದೆಯಾ? ಚಡ್ಡಿ ಒದ್ದೆ ಮಾಡಿಕೊಂಡರೆ ಯಾರು ಬದಲಾಯಿಸುತ್ತಾರೆ? ಆ ಆಯಾ ಹೆಸರು ಮೇಡಂಗೆ ತಕ್ಷಣ ಬಾಯಿಗೆ ಬರುತ್ತದಾ? ಕೆಲಸದವರಿಗೆಲ್ಲ ಪೊಲೀಸ್ ವೆರಿಫಿಕೇಷನ್ ಆಗಿದೆಯಾ ಎಂದೂ ಕೇಳಿ. ಒಳ್ಳೆಯ ಶಾಲೆಯವರು ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ಆಟದ ಸಾಮಾನು ಎಲ್ಲಿದೆ ನೋಡಿ. ಗಾಜಿನ ಬೀರುವಿನಲ್ಲಿ ಬೀಗ ಹಾಕಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿದ್ದರೆ ಅದು ಮಕ್ಕಳಿಗಲ್ಲ, ನಿಮಗೆ ತೋರಿಸಲು ಇಟ್ಟಿರುವುದು.

ಇನ್ನೊಂದು, ಯುಕೆಜಿ ಮಕ್ಕಳ ಹೋಂವರ್ಕ್ ಪುಸ್ತಕ ಕೇಳಿ ನೋಡಿ. ನರ್ಸರಿಯಲ್ಲೇ ದಿನಕ್ಕೆ ನಾಲ್ಕು ಪುಟ ಎಬಿಸಿಡಿ ಬರೆಸುವ ಕಡೆಗೆ ಕಳಿಸಬೇಡಿ. ಮೂರೂವರೆ ವರ್ಷಕ್ಕೆ ಮಗುವಿನ ಮಣಿಕಟ್ಟು, ಬೆರಳು ಇನ್ನೂ ಬಲಿತಿರುವುದಿಲ್ಲ. ನನ್ನ ಕ್ಲಾಸಿಗೆ ಒಬ್ಬ ಹುಡುಗ ಬಂದಿದ್ದ, ಬೇರೆ ಶಾಲೆ ಬಿಡಿಸಿ ಸೇರಿಸಿದ್ದರು. ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ಒತ್ತಿ ಬರೆಯುತ್ತಿದ್ದ, ಹಾಳೆ ಹರಿಯುತ್ತಿತ್ತು, ಆಮೇಲೆ ಅಳುತ್ತಿದ್ದ. ಆಗ ಅವರೆಕಾಯಿ ಕಾಲ. ಪೆನ್ಸಿಲ್ ಎತ್ತಿಟ್ಟು ಅವನ ಮುಂದೆ ಒಂದು ಬಟ್ಟಲು ನೆನೆಸಿದ ಅವರೆಕಾಳು ಇಟ್ಟೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ ಎಂದು ಸಿಪ್ಪೆಯಿಂದ ಹಾರುತ್ತದಲ್ಲ, ಅದು ಅವನಿಗೆ ಆಟ ಆಯಿತು. ಜನವರಿ ಮುಗಿಯುವವರೆಗೂ ದಿನಾ ಹಿತಕಿದ ಬೇಳೆ. ಶಿವರಾತ್ರಿ ಹೊತ್ತಿಗೆ ಪೆನ್ಸಿಲ್ ಅದೇ ಎರಡು ಬೆರಳಿನ ನಡುವೆ ತಾನಾಗಿ ಕೂತಿತ್ತು. ಶಾಲೆ ಯಾವುದೇ ಇರಲಿ, ಮಗು ಕೈಯಲ್ಲಿ ಏನು ಮಾಡುತ್ತದೆ ಎಂದು ಕೇಳಿ.

ಕ್ಲಾಸಿಗೆ ಎಷ್ಟು ಮಕ್ಕಳು, ಎಷ್ಟು ಜನ ದೊಡ್ಡವರು, ಈ ಮೇಡಂ ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಇದನ್ನೂ ಕೇಳಿಕೊಳ್ಳಿ. ವರ್ಷಕ್ಕೆ ಮೂರು ಸಲ ಟೀಚರ್ ಬದಲಾದರೆ ಚಿಕ್ಕ ಮಗು ಯಾರನ್ನು ನಂಬಬೇಕು?

ವೈಟ್‌ಫೀಲ್ಡ್ ಅಮ್ಮ, ಊರು ಧಾರವಾಡ

ಟೀಚರ್, ನಿಮ್ಮ ಮಾತು ಎರಡು ವರ್ಷ ಮೊದಲೇ ನನಗೆ ಸಿಗಬೇಕಿತ್ತು.

ನಮ್ಮ ಮಗನನ್ನು ಹೆಸರುವಾಸಿ ಶಾಲೆಗೆ ಸೇರಿಸಿದ್ದೆವು. ಮೊದಲ ದಿನವೇ ಹೇಳಿದರು, ಇಲ್ಲಿ ಇಂಗ್ಲಿಷ್ ಮಾತ್ರ, ಮನೆಯಲ್ಲೂ ಇಂಗ್ಲಿಷ್ ಮಾತಾಡಿ, ಮಗುವಿಗೆ ಗೊಂದಲ ಆಗುವುದಿಲ್ಲ ಎಂದು. ಹೂಂ ಅಂದೆವು. ವಾರಕ್ಕೆ ಮೂರು ದಿನ ಚಡ್ಡಿ ಒದ್ದೆ ಮಾಡಿಕೊಂಡು ಬರುತ್ತಿದ್ದ. ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ಒದ್ದೆ ಬಟ್ಟೆ. ಮನೆಯಲ್ಲಿ ಹಾಗೆ ಮಾಡಿದವನೇ ಅಲ್ಲ. ಡಾಕ್ಟರ್ ಹತ್ತಿರವೂ ತೋರಿಸಿದೆವು, ಏನೂ ತೊಂದರೆ ಇಲ್ಲ ಎಂದರು. ಒಂದು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡಿದ್ದಾಗ ಮೆಲ್ಲಗೆ ಕೇಳಿದ, 'ಅವ್ವಾ, ಮೇ ಐ ಗೋ ಆದಮೇಲೆ ಏನು ಹೇಳಬೇಕು? ನನಗೆ ಮರೆತುಹೋಗುತ್ತದೆ.'

ಅಷ್ಟು ಹೇಳಲು ಬರದೆ ಮಗು ತಡೆದುಕೊಂಡು ಕೂರುತ್ತಿತ್ತು. ಕನ್ನಡದಲ್ಲಿ ಕೇಳಿದರೆ ಮೇಡಂ ಕೇಳಿಸಿಕೊಳ್ಳದ ಹಾಗೆ ಇರುತ್ತಿದ್ದರಂತೆ. ಮಾರನೇ ವಾರವೇ ಶಾಲೆ ಬಿಡಿಸಿದೆ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ.

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಬೇಕು, ಅದಕ್ಕಾಗಿಯೇ ಕಳಿಸುವುದು. ಆದರೆ ನೀರು ಬೇಕು, ಹೊಟ್ಟೆ ನೋವು, ಅವನು ಹೊಡೆದ, ಅಮ್ಮ ಬೇಕು, ಇಷ್ಟನ್ನು ಮಗು ತನ್ನ ಮಾತಿನಲ್ಲಿ ಹೇಳಿದರೆ ಅರ್ಥ ಮಾಡಿಕೊಳ್ಳುವವರು ಒಬ್ಬರಾದರೂ ಕ್ಲಾಸಿನಲ್ಲಿ ಇರಬೇಕು ಅಲ್ವಾ? ನಮ್ಮ ಕಡೆ ಬಹಳ ಶಾಲೆಗಳಲ್ಲಿ ಮೇಡಂ ಹೊರ ರಾಜ್ಯದವರು. ಅವರ ತಪ್ಪಲ್ಲ. ಆಯಾ ಆದರೂ ಕನ್ನಡದವರು ಇದ್ದಾರಾ ಎಂದು ವಿಚಾರಿಸಿ.

ಬಸವನಗುಡಿ ವಕೀಲ

ಧಾರವಾಡದ ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಕಾನೂನಿನ ಮಾತು ಸೇರಿಸುತ್ತೇನೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕು ಎಂದು ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮಾಧ್ಯಮ ಯಾವುದು ಎನ್ನುವುದು ನಿಮ್ಮ ಆಯ್ಕೆ. ಆದರೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಒಂದನೇ ತರಗತಿಯಿಂದ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಸಿಬಿಎಸ್‌ಇ, ಐಸಿಎಸ್‌ಇ ಎಂದರೆ ವಿನಾಯಿತಿ ಇಲ್ಲ. ಮುಂದೆ ಕನ್ನಡ ಯಾವ ಭಾಷೆಯಾಗಿ ಇರುತ್ತದೆ, ವಾರಕ್ಕೆ ಎಷ್ಟು ಪೀರಿಯಡ್ ಎಂದು ಈಗಲೇ ಕೇಳಿ.

ಬೋರ್ಡಿನ ಮೇಲೆ ಸಿಬಿಎಸ್‌ಇ ಎಂದು ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ. ಮಾನ್ಯತೆ ಇಲ್ಲದೆ ಹಾಗೆ ಬರೆದುಕೊಳ್ಳುವವರೂ ಇದ್ದಾರೆ. ಸಿಬಿಎಸ್‌ಇಯ ಸರಸ್ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿ. ಪ್ರತಿ ಶಾಲೆಗೂ ಸರ್ಕಾರ ಕೊಡುವ ಯು-ಡೈಸ್ ಸಂಖ್ಯೆ ಕೇಳಿ. ಅದು 11 ಅಂಕಿ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಅನುಮಾನ ಬಂದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ ವಿಚಾರಿಸಿ.

ಡೊನೇಷನ್ ಕೇಳಿದರೆ: ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 13ನೇ ಸೆಕ್ಷನ್ ಅದನ್ನು ನಿಷೇಧಿಸಿದೆ, ತೆಗೆದುಕೊಂಡ ಹಣದ ಹತ್ತು ಪಟ್ಟಿನವರೆಗೆ ದಂಡ ಇದೆ. ರಸೀದಿ ಕೊಡದ ಕಡೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ರಾಜಾಜಿನಗರದ ಅಕೌಂಟೆಂಟ್

ದುಡ್ಡಿನ ವಿಷಯ ನಾನು ಹೇಳುತ್ತೇನೆ ಮೇಡಂ. ಎರಡನೇ ಶಾಲೆಗೆ ಮೊದಲ ವರ್ಷವೇ 2,67,000 ಆಗುತ್ತದೆ. ಮೊದಲನೆಯದಕ್ಕೆ 46,000. ವ್ಯತ್ಯಾಸ 2,21,000. ಇದು ಒಂದು ವರ್ಷದ್ದು, ಮೂರು ವರ್ಷ ಹತ್ತು ತಿಂಗಳ ಮಗುವಿಗೆ. ಮುಂದೆ ಹನ್ನೆರಡು ವರ್ಷ ಈ ಫೀಸು ಏರುತ್ತಲೇ ಇರುತ್ತದೆ. ಹೋದ ಮೂರು ವರ್ಷದಲ್ಲಿ ಎಷ್ಟು ಏರಿಸಿದ್ದಾರೆ ಎಂದು ಅಲ್ಲಿ ಓದುತ್ತಿರುವ ಮಕ್ಕಳ ಅಪ್ಪ ಅಮ್ಮನನ್ನು ಕೇಳಿ, ಆಫೀಸಿನವರನ್ನಲ್ಲ.

ಪುಸ್ತಕ, ಯೂನಿಫಾರಂ, ಶೂ, ಆನ್ಯುಯಲ್ ಡೇ ಡ್ರೆಸ್, ಇವುಗಳ ಲೆಕ್ಕ ಬರೆಸಿಕೊಳ್ಳಿ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿದ್ದರೆ ಟ್ಯೂಷನ್ ಫೀಸಿಗೆ ವಿನಾಯಿತಿ ಇದೆ, ನರ್ಸರಿಗೂ ಸಿಗುತ್ತದೆ, ಎಲ್ಲ ಸೇರಿ ಒಂದೂವರೆ ಲಕ್ಷದ ಮಿತಿಯೊಳಗೆ. ಆದರೆ ಡೆವಲಪ್‌ಮೆಂಟ್ ಫೀಸು, ಡೊನೇಷನ್, ವ್ಯಾನ್ ದುಡ್ಡು ಅದರಲ್ಲಿ ಬರುವುದಿಲ್ಲ. ರಸೀದಿಯಲ್ಲಿ ಬಿಡಿಸಿ ಬರೆದಿರಬೇಕು.

20ನೇ ತಾರೀಕಿನ ಗಡುವಿಗೆ ಹೆದರಬೇಡಿ. ಆ ಗಡುವು ನಿಮ್ಮ ಕೈಯಿಂದ ಚೆಕ್ ಬರೆಸಲು.

ಜೆ.ಪಿ. ನಗರದ ಅಪ್ಪ

ಎಲ್ಲರೂ ದೊಡ್ಡ ಶಾಲೆ ಬೇಡ ಎನ್ನುತ್ತಿದ್ದೀರಿ, ನನ್ನ ಅನುಭವವೂ ಇರಲಿ. ನನ್ನ ಮಗಳು ಅಂಥದ್ದೇ ಶಾಲೆಯಲ್ಲಿ ಮೂರನೇ ತರಗತಿ. ಖುಷಿಯಾಗಿದ್ದಾಳೆ. ಓಡಾಡಲು ಮೈದಾನ ಇದೆ, ಸಂಗೀತಕ್ಕೆ ಮೇಷ್ಟ್ರು ಇದ್ದಾರೆ, ಲೈಬ್ರರಿ ಇದೆ. ನಾನು ಓದಿದ ಶಾಲೆಯಲ್ಲಿ ಆಟ ಅಂದರೆ ರಸ್ತೆಯೇ. ಅವಳಿಗೆ ಮೈದಾನ ಸಿಗಲಿ ಎಂದು ನಾನು ಆಸೆಪಟ್ಟದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಸೀಟಿನ ಭಯವೂ ಸುಳ್ಳಲ್ಲ. ನಮ್ಮ ಶಾಲೆಯಲ್ಲಿ ಎಲ್‌ಕೆಜಿ ಬಿಟ್ಟರೆ ಮಧ್ಯೆ ಸೇರಿಸಿಕೊಳ್ಳುವುದು ಕಡಿಮೆ.

ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಮನೆ ಶಾಲೆಗೆ ಎರಡು ಕಿಲೋಮೀಟರ್. ನಾನೇ ಗಾಡಿಯಲ್ಲಿ ಬಿಟ್ಟು ಬರುತ್ತೇನೆ. 11 ಕಿಲೋಮೀಟರ್ ಆಗಿದ್ದರೆ ಮೂರೂವರೆ ವರ್ಷಕ್ಕೆ ಕಳಿಸುತ್ತಿದ್ದೆನಾ? ಗೊತ್ತಿಲ್ಲ. ಬಹುಶಃ ಇಲ್ಲ.

ಉತ್ತರಹಳ್ಳಿ ಅಮ್ಮ

ವ್ಯಾನ್ ಬಗ್ಗೆ ನಾನು ಹೇಳಲೇಬೇಕು. ಮನೆಯಿಂದ ಶಾಲೆಗೆ ಅರ್ಧ ಗಂಟೆ ಎಂದು ಹೇಳುತ್ತಾರೆ. ಅದು ಭಾನುವಾರದ ಲೆಕ್ಕ. ನನ್ನ ಮಗ ಮೊದಲ ಸ್ಟಾಪಿನವನು. ಬೆಳಗ್ಗೆ 7 ಗಂಟೆಗೆ ಹತ್ತಿಸಿದರೆ ಬನಶಂಕರಿ ಬಸ್ ಸ್ಟ್ಯಾಂಡ್, ಸಾರಕ್ಕಿ ಸಿಗ್ನಲ್, ಕೋಣನಕುಂಟೆ ಕ್ರಾಸ್ ಎಲ್ಲ ದಾಟಿ 8:20ಕ್ಕೆ ಇಳಿಯುತ್ತಿದ್ದ. ಮಧ್ಯಾಹ್ನ ಮತ್ತೆ ಅಷ್ಟೇ. ಮನೆಗೆ ಬರುವಷ್ಟರಲ್ಲಿ ಶೂ ಹಾಕಿಕೊಂಡೇ ನಿದ್ದೆ, ಊಟದ ಡಬ್ಬಿ ತೆಗೆದರೆ ಅರ್ಧ ಚಪಾತಿ ಹಾಗೇ.

ವ್ಯಾನಿಗೇ ಕಳಿಸುವುದಾದರೆ ಗಾಡಿ ನೋಡಿ. ಹಳದಿ ಬಣ್ಣ, ಕಿಟಕಿಗೆ ಅಡ್ಡ ಕಂಬಿ, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಜೊತೆಗೆ ಒಬ್ಬರು ಆಯಾ. ಬಿಳಿ ಬೋರ್ಡ್ ಗಾಡಿಯಲ್ಲಿ, ಅಂದರೆ ಸ್ವಂತ ಬಳಕೆಯ ಗಾಡಿಯಲ್ಲಿ, ಮಕ್ಕಳನ್ನು ತುಂಬಿಕೊಂಡು ಹೋಗುವವರ ಹತ್ತಿರ ಬೇಡವೇ ಬೇಡ.

ಬನಶಂಕರಿ ಮಾಂಟೆಸ್ಸರಿ ಅಮ್ಮ

ಮೂರನೇ ಶಾಲೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ಮರಿಯಾ ಮಾಂಟೆಸ್ಸರಿ 1939ರಲ್ಲೇ ಮದ್ರಾಸಿನ ಅಡ್ಯಾರಿಗೆ ಬಂದು ಟೀಚರುಗಳಿಗೆ ತರಬೇತಿ ಕೊಟ್ಟವರು, ನಮ್ಮಲ್ಲಿ ಈ ಪದ್ಧತಿ ಹೊಸದೇನಲ್ಲ. ಆದರೆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಬರೆಸಬಹುದು. ನಿಜವಾದದ್ದಾ ಎಂದು ತಿಳಿಯಲು, ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ರೂಮಿನಲ್ಲಿ ಇದ್ದಾರಾ ನೋಡಿ. ಸಾಮಾನು ಮಗುವಿಗೆ ಎಟುಕುವ ಕಪಾಟಿನಲ್ಲಿ ಇರಬೇಕು. ಗುಲಾಬಿ ಗೋಪುರ ಎಂದು ಹತ್ತು ಮರದ ತುಂಡು ಇರುತ್ತವೆ, ಒಂದು ಸೆಂಟಿಮೀಟರಿನಿಂದ ಹತ್ತರವರೆಗೆ. ನನ್ನ ಮಗಳು ಅದನ್ನು ಕಟ್ಟಿ, ಬೀಳಿಸಿ, ಮತ್ತೆ ಕಟ್ಟಿ ಒಂದು ಬೆಳಗ್ಗೆ ಪೂರ್ತಿ ಕಳೆದಿದ್ದಳು. ಮೇಡಂ ಹತ್ತು ಅಡಿ ದೂರದಲ್ಲಿ ಕೂತು ನೋಡುತ್ತಿದ್ದರು, ಒಂದು ಸಲವೂ ಕೈ ಹಾಕಲಿಲ್ಲ.

ಒಂದನೇ ತರಗತಿಗೆ ಮತ್ತೆ ಹುಡುಕಿದ್ದು ನಿಜ. ಆರು ಶಾಲೆ ಅಲೆದೆವು. ಸಿಕ್ಕಿತು.

ನಿವೃತ್ತ ಟೀಚರ್, ಚಾಮರಾಜಪೇಟೆ

ಜೆ.ಪಿ. ನಗರದ ಸರ್ ಹೇಳಿದ್ದು ಸರಿ, ಮೈದಾನ ಇರುವ ಶಾಲೆಗೆ ಆಸೆಪಡುವುದು ತಪ್ಪಲ್ಲ. ನನ್ನ ಅಭಿಪ್ರಾಯ ಇಷ್ಟು: ಮೊದಲ ಮೂರು ವರ್ಷ ಮನೆ ಹತ್ತಿರ ಇರಲಿ. ಮಗುವಿಗೆ ಜ್ವರ ಬಂದರೆ ಅಜ್ಜಿ ಹತ್ತು ನಿಮಿಷದಲ್ಲಿ ನಡೆದು ಹೋಗಿ ಕರೆತರುವಂತೆ ಇರಲಿ. ಆಮೇಲೆ ದೊಡ್ಡ ಶಾಲೆ ಬೇಕೆನಿಸಿದರೆ ಆಗ ಪ್ರಯತ್ನ ಮಾಡಿ. ಬೆಂಗಳೂರಿನಲ್ಲಿ ವರ್ಗಾವಣೆ ಆಗುವವರು, ಬಾಡಿಗೆ ಮನೆ ಬದಲಾಯಿಸುವವರು ಎಷ್ಟು ಜನ! ಪ್ರತಿ ಮಾರ್ಚ್‌ನಲ್ಲೂ ಟಿಸಿ ಬರೆದು ಬರೆದು ನಮ್ಮ ಕ್ಲರ್ಕ್ ಕೈ ನೋಯುತ್ತಿತ್ತು. ಸೀಟು ಖಾಲಿಯಾಗುತ್ತಲೇ ಇರುತ್ತವೆ.

ಗಿರಿನಗರದ ಅಮ್ಮ
ನವೆಂಬರ್ 27

ಟೀಚರ್, ನೀವು ಹೇಳಿದಂತೆ ಅರ್ಧ ದಿನ ರಜೆ ಹಾಕಿ ಮೂರೂ ಕಡೆ ಶಾಲೆ ಬಿಡುವ ಹೊತ್ತಿಗೆ ಹೋಗಿ ನಿಂತೆ.

ಮಾಂಟೆಸ್ಸರಿಯಲ್ಲಿ ಮಕ್ಕಳೇ ಚಪ್ಪಲಿ ಹಾಕಿಕೊಂಡು, ಮೇಡಂಗೆ ಕೈ ಮುಗಿದು ಬಂದರು. ತುಂಬ ಇಷ್ಟ ಆಯಿತು. ದೊಡ್ಡ ಶಾಲೆಯಲ್ಲಿ ಗೇಟಿನೊಳಗೆ ಬಿಡಲಿಲ್ಲ. ಹೊರಗಿನಿಂದ ಕಂಡದ್ದು ಸಾಲಾಗಿ ನಿಂತ ಬಸ್ಸು, ಕತ್ತಿಗೆ ನಂಬರ್ ಕಾರ್ಡ್ ಹಾಕಿಕೊಂಡ ಚಿಕ್ಕ ಚಿಕ್ಕ ಮಕ್ಕಳು. ಸಾಲಿನಲ್ಲೇ ನಿಂತು ತೂಕಡಿಸುತ್ತಿದ್ದ ಒಂದು ಮಗುವನ್ನು ಆಯಾ ಎತ್ತಿ ಬಸ್ಸಿಗೆ ಹತ್ತಿಸಿದರು.

ಮನೆ ಹತ್ತಿರದ ಶಾಲೆಯಲ್ಲಿ ಒಬ್ಬ ಹುಡುಗ ಉಳಿದುಬಿಟ್ಟಿದ್ದ. ಕರೆಯಲು ಬರಬೇಕಾದ ತಾತ ತಡವಾಗಿತ್ತು. ಮೇಡಂ ಹೊಂಗೆ ಮರದ ಕಟ್ಟೆ ಮೇಲೆ ಅವನ ಪಕ್ಕ ಕೂತಿದ್ದರು. ಬಿದ್ದ ಹೊಂಗೆ ಕಾಯಿ ಎಣಿಸುತ್ತಿದ್ದರು ಇಬ್ಬರೂ. ಅವನು 'ಹನ್ನೊಂದು' ಆದಮೇಲೆ 'ಹದಿಮೂರು' ಎಂದ. ಮೇಡಂ ತಿದ್ದಲಿಲ್ಲ, ಮೊದಲಿಂದ ಮತ್ತೆ ಎಣಿಸೋಣ ಬಾ ಎಂದರು. ತಾತ ಬಂದದ್ದು ಇಪ್ಪತ್ತು ನಿಮಿಷ ಬಿಟ್ಟು. ಅಷ್ಟು ಹೊತ್ತೂ ಅವರು ವಾಚ್ ನೋಡಿಕೊಳ್ಳಲಿಲ್ಲ. ಆಮೇಲೆ ಹೋಗಿ ಮಾತಾಡಿಸಿದೆ. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಾರಂತೆ. ಬಚ್ಚಲು ಮನೆಯನ್ನೂ ತೋರಿಸಿದರು. ನಲ್ಲಿ ಎತ್ತರ ಇದೆ, ಕೆಳಗೆ ಒಂದು ಮರದ ಮಣೆ ಇಟ್ಟಿದ್ದಾರೆ. ನರ್ಸರಿಗೆ 24 ಮಕ್ಕಳು, ಒಬ್ಬರು ಮೇಡಂ, ಒಬ್ಬರು ಆಯಾ. ಸ್ವಲ್ಪ ಜಾಸ್ತಿಯೇ ಅನಿಸಿತು, ಅದನ್ನು ಹೇಳಿದೆ. ಜೂನ್‌ಗೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದರು. ಕೇಳುತ್ತಿರುತ್ತೇನೆ.

ಅಲ್ಲಿಗೇ ನರ್ಸರಿ ಅರ್ಜಿ ಹಾಕಿದೆವು. ರಸೀದಿ ತಗೊಂಡೆ ವಕೀಲ ಸರ್.

ಕೆಂಗೇರಿ ಅಪ್ಪ

ತುಂಬ ಸಂತೋಷ ಅಕ್ಕ. ಜನ್ಮ ಪ್ರಮಾಣ ಪತ್ರದಲ್ಲಿ ಹೆಸರಿನ ಸ್ಪೆಲಿಂಗ್, ಆಧಾರ್‌ನಲ್ಲಿ ಇರುವ ಸ್ಪೆಲಿಂಗ್ ಎರಡೂ ಒಂದೇ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿ, ಮುಂದೆ ಓಡಾಟ ತಪ್ಪುತ್ತದೆ. ಮಗ ಈಗ ಚೆನ್ನಾಗಿದ್ದಾನೆ. ಅವನೇ ಕ್ಲಾಸಿಗೆಲ್ಲ ದೊಡ್ಡವನು, ಚಿಕ್ಕವರ ಶೂ ಲೇಸ್ ಕಟ್ಟಿಕೊಡುತ್ತಾನಂತೆ.

ಗಿರಿನಗರದ ಅಮ್ಮ
ಜನವರಿ 11

ಟೀಚರ್, ನಿನ್ನೆ ಗಾಂಧಿ ಬಜಾರಿನಿಂದ ಎರಡು ಕೆಜಿ ಅವರೆಕಾಯಿ ತಂದೆವು. ರಾತ್ರಿ ಅತ್ತೆ ಕಾಳು ನೆನೆಸಿಟ್ಟಿದ್ದರು. ಇವತ್ತು ಬೆಳಗ್ಗೆ ಅಜ್ಜಿ, ಮೊಮ್ಮಗಳು ಇಬ್ಬರೂ ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತು ಹಿತುಕಿದರು. ಮೊದಲ ಬೇಳೆ ಫ್ರಿಜ್‌ವರೆಗೆ ಹಾರಿತು. ಈಗ ಬಟ್ಟಲಿಗೇ ಬೀಳುತ್ತಿದೆ.